ಮಾಮಾನ ಅಂಗಿಗೆ ನಾನು ನಡು ಕೊಟ್ಟದ್ದು

ತಡೀರಿ, ತಡೀರಿ. ಈ ಗಂಟನ್ನು ಈಗಲೇ ಬಿಚ್ಚುವುದು ಬೇಡ. ಬಿಚ್ಚಿದರೆ ಒಳಗೇನಿದೆ ಎಂದು ಒಂದೇ ನೋಟಕ್ಕೆ ತಿಳಿದುಬಿಡುತ್ತದೆ, ನೀವು 'ಇಷ್ಟೇನಾ' ಎಂದು ಎದ್ದು ಹೋಗುತ್ತೀರಿ. ಇದರ ಹಿಂದಿನ ಕತೆ ಮುಗಿಯುವವರೆಗೆ ಇದು ಹೀಗೇ ನನ್ನ ಮಂಚದ ಮೇಲೆ ಕೂತಿರಲಿ.

ಬೆಳಿಗ್ಗೆ ಸುರಪುರದ ಬಸ್ಸಿನಲ್ಲಿ ಬಂತು. ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ ಬಸಮ್ಮ, ಹಳೆಯ ಟವಲಿನಲ್ಲಿ ಕಟ್ಟಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ್ದಾಳೆ. ಕಲಬುರಗಿಯ ಈ ಹಾಸ್ಟೆಲ್ ಕೋಣೆಗೆ ತಂದು ಇಟ್ಟದ್ದೇ ತಡ, ಕೋಣೆ ತುಂಬ ಒಂದು ವಾಸನೆ. ಕೆನಾಲಿನ ಕೆಸರು, ಬಟ್ಟೆ ಸೋಪು, ಜೊತೆಗೆ ತಂಬಾಕು ಸುಣ್ಣ. ನನ್ನ ಜೊತೆಗಿರುವ ಹುಡುಗಿ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದಳು. ನಾನು ಮಾತ್ರ ಗಂಟಿಗೆ ಮೂಗು ಹಚ್ಚಿ ಕೂತೆ. ಮೂರು ವರ್ಷದ ಹಿಂದೆ ನಾನು ಮಾಡಿದ ಒಂದು ಘನಕಾರ್ಯ ಮೂಗಿನೊಳಗಿಂದ ನೇರ ತಲೆಗೆ ಹತ್ತಿತು.

ನಾನು ಫ್ಯಾಷನ್ ಓದುವ ಹುಡುಗಿ. ಹೀಗೆಂದರೆ ನಮ್ಮ ಶಹಾಪುರದಲ್ಲಿ ಮೊದಲು ಕೇಳುವುದು, "ಹಂಗಂದ್ರ ಟೇಲರಿಂಗ್ ಏನು?" ಹೌದು ಎಂದರೆ, "ಹಂಗಾದ್ರ ನನ್ನ ಜಂಪರ್ ಹೊಲಿದುಕೊಡು." ಅಲ್ಲ ಎಂದರೆ, "ಇರ್ಲಿ ಬಿಡು, ಒಂದು ಜಂಪರ್ ಹೊಲಿದುಕೊಡು."

ಕಾಲೇಜಿಗೆ ಸೇರುವ ಮೊದಲು ನನಗೆ ಗುರು ಅಂತ ಯಾರೂ ಇರಲಿಲ್ಲ. ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತದ್ದು. ಕಲಿತದ್ದು ಅಂಗೈಯಷ್ಟು, ಅಭಿಪ್ರಾಯ ಮಾತ್ರ ಕೆನಾಲಿನಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ: 'ಬಟ್ಟೆ ಮೈಗೆ ಕೂರಬೇಕು. ಕೂರದ ಬಟ್ಟೆ ಬಟ್ಟೆಯಲ್ಲ, ಹೊದಿಕೆ.' ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಇದನ್ನು ಬರೆದ ಕೈಯೇ ಅದೇ ವಾರ ಪರದೆಯಷ್ಟು ಅಗಲದ ಪ್ಲಾಜೋ ಹೊಲಿದುಕೊಂಡಿತ್ತು. ಆಗ ಅದರ ಕಾಲ, ಏನು ಮಾಡುವುದು! ಅದನ್ನು ಹಾಕಿಕೊಂಡು ಬಸ್ಸು ಹತ್ತಿದರೆ ಒಂದು ಕಾಲು ಬಾಗಿಲಿಗೆ ಸಿಕ್ಕಿಕೊಂಡಿತು. ಕಂಡಕ್ಟರ್ ಬಿಡಿಸಿಕೊಡುತ್ತ, "ಯವ್ವಾ, ಮುಂದಿನ ಸಲ ಎರಡು ಟಿಕೆಟ್ ತಗೋ. ನಿನಗೊಂದು, ಪ್ಯಾಂಟಿಗೊಂದು" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಇವರಿಗೆಲ್ಲ ಫ್ಯಾಷನ್ ತಿಳಿಯುವುದಿಲ್ಲ ಎಂದು ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಆ ಬಸ್ಸು ಹೊರಟದ್ದೇ ಅತ್ತಿಯ ಊರಿನ ಕಡೆ. ದೇವಾಪುರ. ಕೆನಾಲು ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾದ ಸೀಮೆ ಅದು. ಅತ್ತಿಯ ಹೊಲ ಇರುವುದು ಕಾಲುವೆಯ ಕಟ್ಟಕಡೆಗೆ. ಎಲ್ಲರ ಹೊಲ ಕುಡಿದು ಮಿಕ್ಕ ನೀರು ಅಲ್ಲಿಗೆ ಬರಬೇಕು. ಅದಕ್ಕೆ ಪಾಳಿ ಇದೆ. ಯಾವ ದಿನ ಯಾರ ಹೊಲಕ್ಕೆ ನೀರು ಎಂದು ಪಟ್ಟಿ ಇರುತ್ತದೆ. ಪಟ್ಟಿ ಇದ್ದರೇನು, ಮೇಲಿನ ಹೊಲದವರು ನಾಲ್ಕು ಕಲ್ಲು, ಎರಡು ಮಣ್ಣಿನ ಚೀಲ ಅಡ್ಡ ಹಾಕಿದರೆ ನೀರು ಪಟ್ಟಿ ಓದುವುದಿಲ್ಲ, ತಿರುಗಿದ ಕಡೆ ಹೋಗುತ್ತದೆ. ಹಾಗಾಗಿ ಪಾಳಿಯ ದಿನ ಏರಿಯ ಮೇಲೆ ಗಂಡಸರು ನಿಂತು ಕಾಯಬೇಕು.

ಆದರೆ ಅತ್ತಿಯ ಮನೆಯಲ್ಲಿ ಗಂಡಸರೆಲ್ಲಿ? ಮಾಮಾ, ಅಂದರೆ ಅತ್ತಿಯ ಗಂಡ, ಕಡೇಚೂರಿನ ಕಾರ್ಖಾನೆಗೆ ದುಡಿಯಲು ಹೋದರೆ ಭಾನುವಾರವೇ ಬರುವುದು. ಪಕ್ಕದ ಹೊಲದ ನಿಂಗವ್ವನ ಇಬ್ಬರು ಗಂಡುಮಕ್ಕಳೂ ಅಲ್ಲೇ. ಇದನ್ನು ನಾನು ಆಗ ಯೋಚಿಸಲೂ ಇಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಅಂಗಳದ ಹಗ್ಗದ ಮೇಲೆ ಒಗೆದು ಹಾಕಿದ್ದ ನಾಲ್ಕು ಗಂಡಸರ ಅಂಗಿಗಳು.

ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಂದೋ ಮಗಂದೋ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಬಿಸಿಲಿಗೆ, ಭತ್ತದ ಗರಿ ಕೊಯ್ಯದ ಹಾಗೆ. ನೀವೂ ನೋಡಿರುತ್ತೀರಿ. ನಾನೂ ಹುಟ್ಟಿದಾಗಿನಿಂದ ನೋಡಿದ್ದೆ. ಆ ದಿನ ಮಾತ್ರ ಹೊಸ ಕಣ್ಣಿನಿಂದ ನೋಡಿದೆ. ಅಯ್ಯೋ, ಏನು ಆಕಾರ! ಹೆಗಲು ಮೊಣಕೈಗೆ ಇಳಿದಿದೆ, ನಡುವೇ ಇಲ್ಲ, ಕೆಳಗಿನ ಅಂಚು ಮೊಣಕಾಲಿಗೆ ಬಡಿಯುತ್ತದೆ. ಅತ್ತಿಯಂಥ ಚೆಂದದ ಹೆಂಗಸು ಇದರೊಳಗೆ ಕಳೆದುಹೋಗಬೇಕೆ?

ಅತ್ತಿ ಸುರಪುರದ ಸಂತೆಗೆ ಹೋಗಿದ್ದಳು. ಮನೆಯಲ್ಲಿ ಕೈಯಿಂದ ತಿರುಗಿಸುವ ಹೊಲಿಗೆ ಮಷೀನು ಇತ್ತು. ನಾನಿದ್ದೆ. ಇನ್ನೇನು ಬೇಕು? ನಾಲ್ಕೂ ಅಂಗಿಯ ಬೆನ್ನಿನ ಬಟ್ಟೆ ಚಿವುಟಿ ಎರಡೆರಡು ಡಾರ್ಟ್ ಹಿಡಿದೆ, ಪಕ್ಕದ ಹೊಲಿಗೆ ಒಳಗೆ ತಂದೆ, ತೋಳನ್ನು ಮೊಣಕೈಯವರೆಗೆ ಮಡಚಿ ಹೊಲಿದೆ. ಅತ್ತಿಯ ಅಂಗಿ ತಿಳಿನೀಲಿ ಗೆರೆಯದು. ಅದರ ಕಾಲರಿಗೆ ಪ್ರೀತಿ ಹೆಚ್ಚಾಗಿ ಬಿಳಿ ಲೇಸು ಹಚ್ಚಿದೆ. ಮಡಚಿ ಪೆಟ್ಟಿಗೆಯ ಮೇಲಿಟ್ಟೆ. ಬೆಳಿಗ್ಗೆ ನೋಡಿ ಬೆರಗಾಗಲಿ ಎಂದು ಬಾಯಿ ಬಿಡಲಿಲ್ಲ.

ಬೆಳಿಗ್ಗೆ ನಿಂಗವ್ವ ತನ್ನ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದಳು. ಅತ್ತಿ ಅಂಗಿ ಬಿಡಿಸಿದಳು. ಒಂದು ತೋಳು ಹಾಕಿದಳು. ಇನ್ನೊಂದು ಹಾಕಿದಳು. ಗುಂಡಿಯ ಹತ್ತಿರ ಬಂದು ನಿಂತುಬಿಟ್ಟಳು.

"ಇದೇನಾಗ್ಯಾದ ಅಂಗಿಗೆ? ಒಗದ್ರ ಇಷ್ಟು ಮುದುಡತದಾ?"

"ಮುದುಡಿಲ್ಲ ಅತ್ತಿ, ನಾನೇ ಫಿಟಿಂಗ್ ಮಾಡೀನಿ. ನಡು ಕಾಣ್ತದ ನೋಡು ಈಗ!"

ನಿಂಗವ್ವ ತನ್ನ ಅಂಗಿಯನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದಳು. "ಬಸಮ್ಮಾ, ನಿನ್ನ ಸೊಸಿ ನಮ್ಮನ್ನ ನೀರಿಗೆ ಕಳಸಾಕತ್ತಾಳೋ ನಿಬ್ಬಣಕ್ಕ ಕಳಸಾಕತ್ತಾಳೋ?"

ಯಾರೂ ನಗಲಿಲ್ಲ. ಅತ್ತಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಅವರು ಬಿಡಿಸಿ ಹೇಳಿದ ಮೇಲೆ ತಿಳಿಯಿತು ನನಗೆ. ಈ ನಾಲ್ಕು ಅಂಗಿ ಬರೀ ಹೊಲದ ಅಂಗಿಯಲ್ಲ, ಪಾಳಿಯ ಅಂಗಿ. ಅದಕ್ಕೇ ನಾಲ್ವರದನ್ನೂ ಅತ್ತಿಯ ಮನೆಯಲ್ಲೇ ಒಗೆದು ಇಡುವುದು. ಪಾಳಿಯ ದಿನ ಈ ನಾಲ್ವರೂ ಅಂಗಿ ತೊಟ್ಟು, ತಲೆಗೆ ಟವಲು ಸುತ್ತಿ, ಕೈಯಲ್ಲಿ ಸಲಿಕೆ ಹಿಡಿದು ಏರಿಯ ಆಚೆ ಮಗ್ಗುಲಿಗೆ ನಿಲ್ಲುತ್ತಾರೆ. ಮೇಲಿನ ಹೊಲದಿಂದ ನೋಡಿದರೆ ಕಾಣುವುದು ಸೊಂಟದಿಂದ ಮೇಲಷ್ಟೇ. ನಾಲ್ಕು ಗಂಡಸರು! ಮೇಲಿನ ಹೊಲದ ಮಲ್ಲಣ್ಣ ಅಂಗಿ ಎಣಿಸುವ ಆಸಾಮಿ. ಒಂದೋ ಎರಡೋ ಕಂಡರೆ ನೀರು ತಿರುವುತ್ತಾನೆ, ನಾಲ್ಕು ಕಂಡರೆ ಮನೆಗೆ ಹೋಗುತ್ತಾನೆ. ಗಂಡಸರು ಪಾಳಿಯ ದಿನ ರಜೆ ಹಾಕಿ ಬರುತ್ತಾರೆ ಎಂದು ಅತ್ತಿಯೇ ಸುದ್ದಿ ಹಬ್ಬಿಸಿದ್ದಳು. ನಾಲ್ಕು ವರ್ಷ ನಡೆದ ಆಟ.

"ಸಸಿ ಕಿತ್ತು ಕಟ್ಟಿಟ್ಟೀವಿ," ಅತ್ತಿ ಮೆಲ್ಲಗೆ ಹೇಳಿದಳು. "ಇವತ್ತು ನೀರು ಬರಲಿಲ್ಲಂದ್ರ ಮುಂದಿನ ಪಾಳಿ ತನಕ ಸಸಿ ಉಳಿಯಂಗಿಲ್ಲ."

ನಾನು ಬಿಚ್ಚಿಕೊಡುತ್ತೇನೆ ಎಂದು ಕತ್ತರಿ ಹುಡುಕತೊಡಗಿದೆ. "ಈಗೆಲ್ಲಿ ಬಿಚ್ಚತಿ, ನೀರು ಬಿಟ್ಟಾರ ಆಗಲೇ. ನಡಿ ಜಲ್ದಿ," ಎಂದು ಅತ್ತಿ ಉಸಿರು ಎಳೆದುಕೊಂಡು ಗುಂಡಿ ಹಾಕಿದಳು. ಲೇಸು ಕಿತ್ತೊಗೆಯಲೂ ಹೊತ್ತಿರಲಿಲ್ಲ.

ಏರಿಯ ಆಚೆ ಮಗ್ಗುಲಿಗೆ ನಾಲ್ವರು ನಿಂತರು. ನಾನು ದೂರ ಹೋಗಿ ಮಲ್ಲಣ್ಣ ನಿಲ್ಲುವ ಕಡೆಯಿಂದ ಹಿಂದಿರುಗಿ ನೋಡಿದೆ. ನನ್ನ ಕಸುಬಿನ ಮೇಲೆ ನನಗೇ ಸಿಟ್ಟು ಬಂತು. ಅಷ್ಟು ಚೆನ್ನಾಗಿ ಕೂತಿದ್ದವು! ನಾಲ್ಕು ಹೊಲ ಆಚೆಯಿಂದಲೂ ನಾಲ್ಕು ನಡು ಸ್ಪಷ್ಟ. ಕುರುಡರಿಗೂ ಕಾಣುವಷ್ಟು.

ಮಲ್ಲಣ್ಣನಿಗೆ ಕಾಣದಿರುತ್ತದೆಯೇ? ಹಣೆಗೆ ಕೈ ಹಚ್ಚಿ ನೋಡಿದ. ಮತ್ತೆ ನೋಡಿದ. ಆಮೇಲೆ ಸಲಿಕೆ ಹೆಗಲಿಗೇರಿಸಿ ಇಳಿದು ಬಂದ. ನಾನು ಅವನ ಹಿಂದೆಯೇ ಓಡಿದೆ.

"ಏನವ್ವ ಬಸಮ್ಮಾ, ಗಂಡಸರು ಎಲ್ಲಿ ಹೋಗ್ಯಾರ ಇವತ್ತು?"

ಅವನು ಹತ್ತಿರ ಬಂದು ಕಾಲರಿನ ಲೇಸು ನೋಡಿ ಹಲ್ಲು ಬಿಟ್ಟ. "ಭಾರಿ ಆಗ್ಯಾದ ಅಂಗಿ. ಹಂಗಾದ್ರ ನೀವು ನೆಳ್ಳಿಗೆ ಹೋಗಿ ಕುಂದರ್ರಿ. ನೀರು ನಾನು ನೋಡ್ಕೊಂತೀನಿ."

ಹೀಗೆಂದು ಮಣ್ಣಿಗೆ ಸಲಿಕೆ ಹಾಕಿದ. ನಿಂಗವ್ವನ ಕಿರಿ ಸೊಸೆಯ ಕಣ್ಣಲ್ಲಿ ನೀರು. ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಆಗ ಅತ್ತಿ ಬಾಯಿ ಬಿಟ್ಟಳು.

"ಮಲ್ಲಣ್ಣಾ, ಒಂದು ಮಾತು. ಹೋದ ಪಾಳಿಯಾಗ ನಮ್ಮ ಗಂಡಸರ ಕೂಡ ಕೈ ಕೈ ಮಿಲಾಯಿಸಿದ್ದಿಯಂತಲ್ಲ? ಚಾದ ಅಂಗಡ್ಯಾಗ ಹೇಳಿದಿ ಅಂತ. 'ನಾಲ್ಕು ಮಂದಿ ಮೈಮ್ಯಾಗ ಬಂದ್ರು, ನಾನೊಬ್ಬನೇ ನಿಂತೆ, ಆಮ್ಯಾಲ ಹೋಗ್ಲಿ ಪಾಪ ಅಂತ ನೀರು ಬಿಟ್ಟೆ' ಅಂತ."

ಮಲ್ಲಣ್ಣನ ಸಲಿಕೆ ಮಣ್ಣಿನಲ್ಲೇ ನಿಂತಿತು.

"ಅವತ್ತೂ ಇಲ್ಲಿ ನಿಂತಿದ್ದವರು ನಾವೇ. ಅದರ ಹಿಂದಿನ ಪಾಳಿಗೂ ನಾವೇ. ನಾಲ್ಕು ವರ್ಷದಿಂದ ನಾವೇ. ನಿನ್ನ ಕೂಡ ಕೈ ಮಿಲಾಯಿಸಿದ್ದು ಯಾರು ಹೇಳು? ನಾನಾ? ಈ ನಿಂಗವ್ವನಾ?"

ನಿಂಗವ್ವ ಬಿಡುತ್ತಾಳೆಯೇ? ಮುಂದೆ ಬಂದು ಕೈ ಚಾಚಿದಳು. "ನನಗಂತೂ ನೆನಪಿಲ್ಲಪ್ಪ. ಇನ್ನೊಮ್ಮೆ ಮಿಲಾಯಿಸು, ನೆನಪಾಗತದ."

ಸೊಸೆಯರು ಟವಲಿನಲ್ಲಿ ಬಾಯಿ ಮುಚ್ಚಿಕೊಂಡರು. ಅತ್ತಿ ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ, "ನೀವು ನೀರು ತಿರುವ್ಕೋರಿ ಅಣ್ಣಾ, ಬ್ಯಾಡ ಅನ್ನಂಗಿಲ್ಲ. ನಾವು ನಾಲ್ಕೂ ಮಂದಿ ಇದೇ ಅಂಗಿ ಹಾಕ್ಕೊಂಡು ಚಾದ ಅಂಗಡಿಗೆ ಹೋಗಿ ಕುಂದರ್ತೀವಿ. ಮಂದಿ ಕೇಳಿದ್ರ ಖರೇ ಹೇಳ್ತೀವಿ" ಎಂದಳು.

ಮಲ್ಲಣ್ಣ ಆಕಾಶ ನೋಡಿದ. ಕೆನಾಲು ನೋಡಿದ. ಯಾಕೋ ನನ್ನನ್ನೂ ಒಮ್ಮೆ ನೋಡಿದ. ಸಲಿಕೆ ಕಿತ್ತುಕೊಂಡು, "ನಿಮ್ಮ ಪಾಳಿ ನಿಮಗ. ನಾನು ಸುಮ್ಕ ಮಾತಾಡ್ಸಾಕ ಬಂದಿದ್ದೆ," ಎಂದವನೇ ಬಂದ ದಾರಿ ಹಿಡಿದ.

ಸ್ವಲ್ಪ ಹೊತ್ತಿಗೆ ನೀರು ಬಂತು. ಮೊದಲು ಒಣಎಲೆ, ಆಮೇಲೆ ನೊರೆ, ಆಮೇಲೆ ಕೆಂಪು ನೀರು ಹೊಲದೊಳಗೆ ಹೊರಳಿ ಬಿತ್ತು. ನಾನು ಎದೆಯುಬ್ಬಿಸಿ, "ನೋಡು ಅತ್ತಿ, ನನ್ನ ಫಿಟಿಂಗ್‌ದಿಂದನೇ..." ಎನ್ನುವಷ್ಟರಲ್ಲಿ ನಿಂಗವ್ವ ಮೊದಲ ಸಸಿ ಹಚ್ಚಲು ಬಗ್ಗಿದಳು. ಪರ್ರ್ ಎಂದಿತು ಅಂಗಿ, ಬೆನ್ನಿನ ಉದ್ದಕ್ಕೂ.

"ಬಗ್ಗಿದ್ರ ಹರಿಯೋ ಅಂಗಿ ಯಾವ ದೇಶದ ಫ್ಯಾಷನ್ನವ್ವಾ ಖೋಡಿ?" ಎಂದಳು ನಿಂಗವ್ವ, ಬಗ್ಗಿದಲ್ಲಿಂದಲೇ.

ಆ ಮಧ್ಯಾಹ್ನವೆಲ್ಲ ಬದುವಿನ ಮೇಲೆ ಕೂತು, ಪಿನ್ನಿನ ತುದಿಯಿಂದ ನಾಲ್ಕೂ ಅಂಗಿಯ ಹೊಲಿಗೆ ಬಿಚ್ಚಿದೆ. ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ಖಾಲಿ ಬಿಟ್ಟಿದ್ದೆ.

ಈಗ ನಮ್ಮ ತರಗತಿಯ ಅರ್ಧ ಹುಡುಗಿಯರು ಅಪ್ಪನಷ್ಟು ದೊಡ್ಡ ಅಂಗಿ ಹಾಕಿಕೊಂಡು ಬರುತ್ತಾರೆ. ಓವರ್‌ಸೈಜ್ ಅಂತೆ. ನನಗೆ ಬೆನ್ನಹಿಂದೆ ನಿಂಗವ್ವ ನಿಂತು ನಕ್ಕ ಹಾಗೆ ಅನಿಸುತ್ತದೆ. ಮೇಡಂ ಮೊನ್ನೆ "ನಿನ್ನ ಸ್ವಂತ ಶೈಲಿ ಏನು, ಹೇಳು" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನನ್ನ ಸರದಿಗೆ ಎದ್ದು ನಿಂತು, "ಮುಂದಿನ ವಾರ ಹೇಳ್ತೀನಿ ಮೇಡಂ" ಎಂದು ಕೂತುಬಿಟ್ಟೆ.

ಇಗೋ, ಗಂಟು ಬಿಚ್ಚಿದೆ. ನಾಲ್ಕು ಅಂಗಿ. ಹೌದು, ಅವೇ. ನಿಂಗವ್ವನದರ ಬೆನ್ನಿಗೆ ಹೊಲಿಗೆಯ ಗಾಯ ಇನ್ನೂ ಇದೆ. ಅತ್ತಿಗೆ ಫೋನ್ ಮಾಡಿದೆ.

"ಈ ಸಲ ಪಾಳಿ ಪಟ್ಟಿಯಾಗ ಗಂಡಸರ ಹೆಸರು ತಗದು ನಮ್ಮ ನಾಲ್ಕೂ ಮಂದಿ ಹೆಸರು ಬರಸೀವಿ," ಎಂದಳು. "ಇನ್ನ ಗಂಡಸರಂಗ ಯಾಕ ಕಾಣ್ಬೇಕು? ನೀ ಅವತ್ತು ಹಿಡ್ದಿದ್ದಿಯಲ್ಲ ನಡು, ಅದನ್ನ ಹಿಡಿ."

ನಾನು ಕೂಡಲೇ ಕತ್ತರಿ ಎತ್ತಲಿಲ್ಲ. ಮೂರು ವರ್ಷದ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದೆ. "ತೋಳು ಅತ್ತಿ?"

"ತೋಳು ಉದ್ದನೇ ಇರ್ಲಿ, ಗರಿ ಕೊಯ್ತಾವ. ಕಿಸೆ ಇರ್ಲಿ, ನಿಂಗವ್ವನ ತಂಬಾಕು ಎಲ್ಲಿಡ್ಬೇಕು? ನಿಂತಾಗ ನಡು ಕಾಣ್ಬೇಕು, ಬಗ್ಗಿದಾಗ ಹಿಡೀಬಾರ್ದು. ಬರೋ ಗುರುವಾರ ಪಾಳಿ. ಮಲ್ಲಣ್ಣ ನಾಲ್ಕು ಹೊಲದಾಚಿಂದ ನೋಡಿದ್ರ ನಾವೇ ಅಂತ ತಿಳೀಬೇಕು ನೋಡು." ಫೋನಿಡುವ ಮುಂಚೆ, "ಆ ಲೇಸು ಅದನೇನು ಇನ್ನಾ?" ಎಂದಳು.

ಇದೆ. ಇಷ್ಟು ದಿನ ನೋಟ್‌ಬುಕ್ಕಿನ ಆ ಖಾಲಿ ಜಾಗಕ್ಕೇ ಅಂಟಿಸಿಟ್ಟಿದ್ದೆ. ಈಗಷ್ಟೇ ಬಿಡಿಸಿದೆ.

ನಿಂತಾಗ ನಡು ಕಾಣಬೇಕು, ಬಗ್ಗಿದಾಗ ಹಿಡಿಯಬಾರದು. ಬೆನ್ನಿಗೆ ನೆರಿಗೆ ಕೊಡಲೇ, ನಡುವಿಗೆ ಲಾಡಿ ಕೊಡಲೇ ಎಂದು ತಲೆ ಕೆರೆದುಕೊಳ್ಳುತ್ತಿದ್ದೇನೆ. ಗುರುವಾರಕ್ಕೆ ನಾಲ್ಕೇ ದಿನ. ನಿಮ್ಮ ಮನೆಯಲ್ಲೂ ಕೆಲಸಕ್ಕೆಂದೇ ತಿದ್ದಿ ಹೊಲಿದ ಅಂಗಿಯೋ ಜಂಪರೋ ಇರಬಹುದು. ಯಾರು ತೊಡುತ್ತಿದ್ದರು, ಎಲ್ಲಿ ಸಡಿಲ ಬಿಟ್ಟಿದ್ದರು, ಎಲ್ಲಿ ಹಿಡಿದಿದ್ದರು, ನೆನಪಿದ್ದಷ್ಟು ಬರೆದು ಕಳಿಸಿ. ನನ್ನ ಹಾಗೆ ಯಾರದಾದರೂ ಬಟ್ಟೆ ಕೆಡಿಸಿ ಬೈಸಿಕೊಂಡಿದ್ದರೆ ಅದನ್ನು ಮೊದಲು ಬರೆಯಿರಿ.