ಕಿಲ್ಲೇದಾರ ಮಾವ

ಮನೆಯ ಲಿನಕ್ಸ್ ಕಂಪ್ಯೂಟರನ್ನು ಕೋಟೆಯಂತೆ ಕಾಯುವ ಮಾವನಿಗೆ ಸೊಸೆ ಇಟ್ಟ ಅಡ್ಡಹೆಸರು ‘ಕಿಲ್ಲೇದಾರ’. ಅದರಲ್ಲಿರುವ ಸಾಮಾನಿನ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು. ಅದಕ್ಕೆ ಸೋಪು ಸೇರಿಸಬೇಕೆಂದರೆ ಮಾತ್ರ ಮಾವನೇ ಸೋಪಿಲ್ಲದ ಸ್ನಾನ ಮುಗಿಸಿ ಬಂದು ಪಾಸ್‌ವರ್ಡ್ ಒತ್ತಬೇಕು. “ನಮ್ಮ ಸೋಪಿನ ಪಟ್ಟಿ ಯಾವ ಕಳ್ಳನಿಗೆ ಬೇಕ್ರೀ?” ಎಂದು ಅತ್ತೆ ರೇಗಿದರೆ, “ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ಲಾ?” ಎನ್ನುತ್ತಾರೆ. ಒಮ್ಮೆ ಕಾವಲು ಬಿಗಿ ಮಾಡುವ ಭರದಲ್ಲಿ ತಮ್ಮ ಫೈಲುಗಳನ್ನು ತಾವೇ ತೆರೆಯಲಾಗದೆ ಹೋದಾಗಲೂ, “ನೋಡಿದ್ರಾ, ನನಗೇ ಆಗ್ಲಿಲ್ಲ, ಇನ್ನು ಕಳ್ಳನಿಗೆ ಆಗುತ್ತಾ?” ಎಂದು ಮೀಸೆ ತಿರುವಿದರು. ಇಂಥವರು ಒಂದೇ ಒಂದು ಫೈಲನ್ನು ಮಾತ್ರ ಪಾಸ್‌ವರ್ಡಿನ ಹಂಗಿಲ್ಲದೆ ಹಾರುಹೊಡೆದ ಬಾಗಿಲಿನಂತೆ ಬಿಟ್ಟಿದ್ದಾರೆ. ಅತ್ತೆಯ ಹೆಸರಿನ ಆ ಫೈಲಿನಲ್ಲಿ ಮನೆಯ ಪಾಸ್‌ವರ್ಡುಗಳೆಲ್ಲ ದಪ್ಪ ಅಕ್ಷರಗಳಲ್ಲಿವೆ, ಎಲ್ಲಕ್ಕೂ ಮೇಲೆ ಒಂದು ಸಾಲು: “ನಾನಿಲ್ಲ ಅಂತ ಗಾಬರಿಯಾಗ್ಬೇಡ, ಮೊದಲು ಕನ್ನಡಕ ಹಾಕ್ಕೋ.”