ಚಿಪ್ಪಿನ ಸಸಿಗಳಿಗೆ ಬೆಚ್ಚಗಿನ ನೀರು

ನನ್ನ ಬಾಯಿ ಮೊದಲಿನಿಂದಲೂ ಜೋರು. ನಿನ್ನ ಬಾಯಿಗೆ ಹೆದರಿ ಕೊಟ್ಟ ಮನೆಯವರು ತಿಂಗಳೊಳಗೆ ವಾಪಸು ತಂದುಬಿಡುತ್ತಾರೆ ಎಂದು ಅವ್ವ ತಮಾಷೆ ಮಾಡುತ್ತಿದ್ದಳು. ಅಂಥವಳಿಗೆ ಒಂದೇ ಒಂದು ಮಾತು ಹೇಳಲಾಗದೆ ಗಂಟಲಲ್ಲೇ ಉಳಿಯಿತು ಎಂದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಅದು ಹನ್ನೆರಡು ಬದನೆ ಸಸಿಗಳಿಗೆ ಸಂಬಂಧಪಟ್ಟ ಮಾತು.

ಐವತ್ತರ ದಶಕದ ನಡುವೆ ಇರಬೇಕು. ನಾನು ಹೊಸ ಅಗ್ರಹಾರದ ಕಡೆ ನಾಲೆ ಬಯಲಿನವಳು. ಕೊಟ್ಟದ್ದು ಕಟ್ಟೆಮಳಲವಾಡಿಗೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಯಜಮಾನರು ಹೆಗ್ಗಡದೇವನಕೋಟೆ ಕಡೆಯ ಕಾಡಿನಲ್ಲಿ ಮರದ ದಿಮ್ಮಿ ಸಾಗಿಸುವವರ ಮೇಲೆ ಮೇಸ್ತ್ರಿ. ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಿದ್ದರು. ಮಿಕ್ಕ ದಿನವೆಲ್ಲ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ಅತ್ತೆ ಕೆಟ್ಟವರಲ್ಲ, ಮಾತು ಕಡಿಮೆ. ‘ರಾಗಿ ಬೀಸಾಯ್ತಾ’ ಎಂದು ಕೇಳಿದರೆ ಆ ದಿನದ ಮಾತಿನಲ್ಲಿ ಅರ್ಧ ಮುಗಿದಂತೆ. ನಾನು ಕೊಟ್ಟಿಗೆಗೆ ಹೋಗಿ ಎಮ್ಮೆಯ ಜೊತೆ ಮಾತಾಡಿ ಬರುತ್ತಿದ್ದೆ.

ಅತ್ತೆ ಐದು ಹೆತ್ತು ನಾಲ್ಕನ್ನು ಮಣ್ಣು ಮಾಡಿದವರು. ಉಳಿದದ್ದು ನನ್ನ ಯಜಮಾನರೊಬ್ಬರೇ. ಹೀಗಾಗಿ ಅವರ ಕೈಗುಣ ಸರಿಯಿಲ್ಲ ಎಂಬ ಮಾತು ಊರಲ್ಲಿತ್ತು. ಬಿತ್ತನೆ ಶುರು ಮಾಡುವಾಗ, ಚಪ್ಪರಕ್ಕೆ ಅವರೆ ಬೀಜ ಊರುವಾಗ ಯಾರೂ ಅವರನ್ನು ಕರೆಯುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲೇ ಪಕ್ಕದ ಮನೆಯಾಕೆ ಇದನ್ನು ನನ್ನ ಕಿವಿಗೆ ಹಾಕಿದ್ದಳು. ಅದನ್ನು ನಾನು ಮರೆತಿರಲಿಲ್ಲ.

ಆ ವರ್ಷ ಕಾರ್ತಿಕದಲ್ಲಿ ಅವ್ವ ಸತ್ತಳು. ಮೂರೇ ದಿನದ ಜ್ವರ. ನಾನು ಗಾಡಿ ಕಟ್ಟಿಸಿಕೊಂಡು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು, ಮುಖ ನೋಡಲು ಸಿಗಲಿಲ್ಲ. ವಾಪಸು ಹೊರಡುವ ದಿನ ಅಡುಗೆಮನೆಯ ಗೂಡಿನಲ್ಲಿ ಬೂದಿ ಬೆರೆಸಿ ಕಟ್ಟಿಟ್ಟಿದ್ದ ಒಂದು ಬಟ್ಟೆ ಗಂಟು ಕಂಡಿತು. ಅವ್ವನ ಬದನೆ ಬೀಜ, ಬಿಳಿ ಗೆರೆಯ ಗುಂಡು ಬದನೆ. ಹಿತ್ತಲಲ್ಲಿದ್ದ ಗಿಡಗಳನ್ನು ಮುದಿಯಾದವು ಎಂದು ಅತ್ತಿಗೆ ಆಗಲೇ ಕಿತ್ತು ಹಾಕಿದ್ದಳು. ಆ ಬದನೆ ಇನ್ನು ಉಳಿದದ್ದು ಆ ಗಂಟಿನಲ್ಲಿ ಮಾತ್ರ. ಯಾರನ್ನೂ ಕೇಳದೆ ಸೆರಗಿಗೆ ಕಟ್ಟಿಕೊಂಡು ಬಂದೆ.

ಬಂದು ಬಿಚ್ಚಿದರೆ ಅರ್ಧಕ್ಕರ್ಧ ಹುಳು ತಿಂದಿತ್ತು. ಬೇಸಿಗೆವರೆಗೆ ಇಟ್ಟರೆ ಮಿಕ್ಕದ್ದೂ ಹೋಗುತ್ತದೆ ಎಂದು ಹೆದರಿ ಆ ಚಳಿಯಲ್ಲೇ ಮೊಳೆಗೆ ಹಾಕಿದೆ. ಅವ್ವ ಚಳಿಗಾಲದಲ್ಲಿ ಮೊಳೆ ಬರಿಸುವ ರೀತಿಯೇ ಬೇರೆ. ನೆನೆಸಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೇಲೆ ಹರಳು ಗಿಡದ ಎಲೆ ಸುತ್ತಿ, ನೆರಿಗೆಯ ಒಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಐದಾರು ದಿನ ಕೆಲಸ ಮಾಡಿಕೊಂಡಿರುತ್ತಿದ್ದಳು. ಮೈಯ ಕಾವಿಗೆ ಬೀಜ ಬಿರಿಯುತ್ತಿತ್ತು. ನಾನೂ ಹಾಗೆಯೇ ಮಾಡಿದೆ. ಮಲಗುವಾಗ ಒಂದು ಕೈಯನ್ನು ಅದರ ಮೇಲಿಟ್ಟುಕೊಂಡು ಮಲಗುತ್ತಿದ್ದೆ. ಮದುವೆಯಾಗಿ ಎರಡು ವರ್ಷವಾಗಿದ್ದರೂ ನನಗಿನ್ನೂ ಮಕ್ಕಳಿರಲಿಲ್ಲ. ಆ ಐದಾರು ದಿನ ನಾನು ಒಬ್ಬಳೇ ಇದ್ದೇನೆ ಅನ್ನಿಸಲಿಲ್ಲ.

ಹನ್ನೆರಡು ಬೀಜ ಮೊಳೆತವು. ಅವ್ವ ಒಡೆದ ಮಡಕೆಯ ತಳಗಳಲ್ಲಿ ಸಸಿ ಮಾಡುತ್ತಿದ್ದಳು. ನನಗೆ ಅಷ್ಟು ಮಡಕೆ ಎಲ್ಲಿಂದ ಬರಬೇಕು? ತೆಂಗಿನ ಚಿಪ್ಪು ತೆಗೆದುಕೊಂಡೆ. ಮಡಕೆಯ ಮಣ್ಣು ಹೆಚ್ಚಿನ ನೀರನ್ನು ತಾನು ಕುಡಿದುಕೊಳ್ಳುತ್ತದೆ, ಚಿಪ್ಪು ಕುಡಿಯುವುದಿಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಕೆಂಪು ಮಣ್ಣು, ಹಳೇ ಗೊಬ್ಬರ ತುಂಬಿ ಒಂದೊಂದಕ್ಕೆ ಒಂದೊಂದು ಬೀಜ ಊರಿ, ಹಿತ್ತಲಿನ ಬಚ್ಚಲಲ್ಲಿ ಹಂಡೆ ಒಲೆಯ ಪಕ್ಕದ ಮಣ್ಣಿನ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಬೆಳಗ್ಗೆ ಉರಿ ಹಾಕಿದರೆ ಆ ಕಟ್ಟೆ ಮಧ್ಯಾಹ್ನದವರೆಗೂ ಬೆಚ್ಚಗಿರುತ್ತಿತ್ತು. ಬಿಸಿಲು ಬಂದ ಮೇಲೆ ಹಿತ್ತಲಿಗೆ ತಂದಿಟ್ಟು, ಹೊಳೆ ಕಡೆಯಿಂದ ಕುಳಿರ್ಗಾಳಿ ಏಳುವ ಮೊದಲು ವಾಪಸು ಒಳಗಿಡುವುದು. ನೀರು ದಿನಕ್ಕೆ ಒಂದೇ ಸಲ, ಉಗುರು ಬೆಚ್ಚಗೆ ಮಾಡಿ, ಬೆರಳಿನಿಂದ ಮಣ್ಣು ಮುಟ್ಟಿ ನೋಡಿ, ಒಂದೊಂದು ಹನಿ.

ಅತ್ತೆ ಬಂದು ನೋಡಿದರು. ಈ ಚಳಿಯಲ್ಲಿ ಯಾರಾದರೂ ಬದನೆ ಹಾಕುತ್ತಾರೆಯೇ ಎಂದರು. ನಮ್ಮವ್ವ ಹಾಕುತ್ತಿದ್ದಳು ಎಂದು ನಾನು ಪಟ್ಟನೆ ಹೇಳಿದೆ.  ಮಾರನೆಯ ದಿನದಿಂದ ಅವರು ಒಲೆಗೆ ಒಂದು ಕೊರಡು ಹೆಚ್ಚಿಗೆ ಒಡ್ಡುತ್ತಿದ್ದರು. ಅದು ನನಗೆ ಕಾಣುತ್ತಿತ್ತು. ಯಾಕೆಂದು ಯೋಚಿಸುವ ವಯಸ್ಸು ಆಗ ನನ್ನದಾಗಿರಲಿಲ್ಲ.

ಹನ್ನೆರಡೂ ಮೇಲೆದ್ದು ಎರಡೆರಡು ಎಲೆ ಬಿಟ್ಟವು. ಆಗಲೇ ನಾನು ಮೂರು ದಿನ ಹೊರಗಾದೆ. ಲಿಂಗ ಕಟ್ಟಿದವರಿಗೆ ಮೈಲಿಗೆ ಇಲ್ಲ ಎಂದು ನಮ್ಮ ತೌರಿನಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಅತ್ತೆಯ ಮನೆಯಲ್ಲಿ ಹಾಗಲ್ಲ. ಅವರೂ ಲಿಂಗ ಕಟ್ಟಿದವರೇ, ಆದರೂ ಮೂರು ದಿನ ಕೊಟ್ಟಿಗೆಯ ಪಕ್ಕದ ಚಾವಡಿ, ಬೇರೆ ಚಾಪೆ, ಬೇರೆ ತಟ್ಟೆ. ಹಂಡೆ ಮುಟ್ಟುವ ಹಾಗಿಲ್ಲ, ಗಿಡದ ಹತ್ತಿರ ಸುಳಿಯುವ ಹಾಗಿಲ್ಲ.

ಸಸಿಗೆ ಸ್ವಲ್ಪ ನೀರು ಹಾಕಿ ಅತ್ತೆ ಎಂದು ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಕೇಳಲಿಲ್ಲ. ಆ ಕೈಗುಣದ ಮಾತು ಮನಸ್ಸಿನಲ್ಲಿ ಕೂತಿತ್ತು. ಇವರ ಕೈಗೆ ಅವ್ವನ ಸಸಿ ಕೊಡುವುದೇ ಎಂಬ ಭಯ, ಅದರ ಮೇಲೆ ನನ್ನ ಬಿಗುಮಾನ. ಅವರೂ ತಾವಾಗಿ ಏನೂ ಹೇಳಲಿಲ್ಲ.

ಬೆಳಗ್ಗೆ ಅತ್ತೆ ಹಂಡೆಗೆ ಉರಿ ಹಾಕಿ ಬಿಂದಿಗೆ ಹಿಡಿದು ಬಾವಿಗೆ ಹೋಗುತ್ತಿದ್ದರು. ಬಂದ ಮೇಲೆ ಅದೇ ಹಂಡೆಯ ನೀರಿನಲ್ಲಿ ಮಿಂದು ಲಿಂಗಪೂಜೆಗೆ ಕೂರುವುದು. ಅವರು ಬಾವಿಗೆ ಹೋದ ಅಷ್ಟು ಹೊತ್ತಿನಲ್ಲಿ ನಾನು ಕಳ್ಳಿಯ ಹಾಗೆ ಬಚ್ಚಲಿಗೆ ನುಗ್ಗಿ, ಹಂಡೆಯೊಳಗೆ ಚೊಂಬು ಅದ್ದಿ, ಹನ್ನೆರಡು ಚಿಪ್ಪಿಗೂ ನೀರು ಹಾಕಿ ಓಡಿಬರುತ್ತಿದ್ದೆ. ಒಳಗೆಲ್ಲ ಹೊಗೆ. ಮಣ್ಣು ಮುಟ್ಟಿ ನೋಡುವಷ್ಟು ಪುರುಸೊತ್ತಿರಲಿಲ್ಲ. ಮೂರು ದಿನವೂ ಹೀಗೆಯೇ ಮಾಡಿದೆ.

ನಾಲ್ಕನೆಯ ದಿನ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು ಕಟ್ಟೆಯ ಕಡೆ ತಿರುಗಿದರೆ ಹನ್ನೊಂದು ಸಸಿ ಬುಡದಲ್ಲಿ ಕೊಳೆತು ಮಲಗಿದ್ದವು. ನಿಂತಿದ್ದದ್ದು ಒಂದೇ. ಅಯ್ಯೋ ದೇವರೇ, ಅವ್ವ ಎರಡನೆಯ ಸಲ ಸತ್ತಳು ಅನ್ನಿಸಿತು. ಒದ್ದೆ ತಲೆಯಲ್ಲೇ ಹೊರಗೆ ಬಂದೆ. ಅತ್ತೆ ಪೂಜೆ ಮುಗಿಸಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಇವರೇ ಮುಟ್ಟಿರಬೇಕು ಎಂದುಕೊಂಡು ನಾನು ನಿಂತಲ್ಲೇ ಅಂದುಬಿಟ್ಟೆ: “ನಿಮ್ ಕೈ ಸೋಕಿದ್ದೆಲ್ಲಾ ಸಾಯ್ತದೆ.”

ಅವರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಸುಲಿದು, ಕಾಳನ್ನು ಮೊರಕ್ಕೆ ಹಾಕಿದ ಮೇಲೆ ಮೆಲ್ಲಗೆ ಹೇಳಿದರು.

“ನಂಗೊತ್ತು ಕಣವ್ವ. ಅದ್ಕೇ ನಾನು ಬೆರಳು ತಾಕಿಸ್ಲಿಲ್ಲ. ಚಮಚದಲ್ಲಿ ಎತ್ರುದಿಂದ ಉಯ್ದೆ. ದಿನಾ ಬೆಚ್ಚುಗಿರೋ ನೀರೇ ಉಯ್ದೆ ಕಣವ್ವ.”

ಅಲ್ಲೇ ಎಲ್ಲ ಅರ್ಥವಾಯಿತು. ನಾನು ಹಾಕಿದ ನೀರಿನ ಮೇಲೆ ಅವರೂ ಮಿಂದು, ಪೂಜೆ ಮಾಡಿ, ಶುಚಿಯಾಗಿ ಬಂದು ನೀರು ಹಾಕುತ್ತಿದ್ದರು. ಅವರ ಕಣ್ಣಿಗೆ ಆಗಲೇ ಮಂಜು. ಮಣ್ಣು ಮುಟ್ಟಿದ್ದರೆ ಒದ್ದೆ ಇರುವುದು ಗೊತ್ತಾಗುತ್ತಿತ್ತು. ತಮ್ಮ ಕೈಗೆ ತಾವೇ ಹೆದರಿ ಮುಟ್ಟಿರಲಿಲ್ಲ. ಆಮೇಲೆ ಉಳಿದ ಆ ಒಂದು ಚಿಪ್ಪನ್ನು ಎತ್ತಿ ನೋಡಿದೆ. ಅದರ ಕಣ್ಣು ತೂತಾಗಿತ್ತು. ಹೆಚ್ಚಿನ ನೀರೆಲ್ಲ ಕಟ್ಟೆಯ ಮೇಲೆ ಸೋರಿಹೋಗಿತ್ತು.

ನಾನೂ ಹಾಕಿದ್ದೆ ಅತ್ತೆ. ಇಷ್ಟೇ ಹೇಳಬೇಕಾಗಿತ್ತು. ಹೇಳಿದರೆ ಹೊರಗಾದವಳು ಹಂಡೆಗೆ ಚೊಂಬು ಅದ್ದಿದ್ದನ್ನೂ ಹೇಳಬೇಕು. ಆ ನೀರಿನಲ್ಲಿ ಮಿಂದು ಮೂರು ದಿನ ಲಿಂಗ ಮುಟ್ಟಿದ್ದಾರೆ ಅತ್ತೆ. ಅವರು ಏನೆನ್ನುತ್ತಾರೋ, ಯಜಮಾನರ ಕಿವಿಗೆ ಬಿದ್ದರೆ ಏನಾಗುತ್ತದೋ ಎಂದು ಅಂಜಿದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ದೂಡಿದೆ. ಹೇಡಿ ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಅದರಿಂದ ಯಾರಿಗೆ ಏನು ಪ್ರಯೋಜನ?

ಉಳಿದ ಸಸಿಯನ್ನು ಬಾವಿಯ ಕಟ್ಟೆಯ ಪಕ್ಕ ನೆಟ್ಟೆ. ಚೆನ್ನಾಗಿಯೇ ಬಂತು. ಅತ್ತೆ ಅದರ ಹತ್ತಿರ ಹೋಗುತ್ತಿರಲಿಲ್ಲ. ನೀರಿನ ಬಿಂದಿಗೆಯನ್ನು ನಾಲ್ಕು ಮಾರು ಈಚೆಗೇ ಇಟ್ಟು ನನ್ನನ್ನು ಕರೆಯುತ್ತಿದ್ದರು. ಅದೊಂದೇ ಅಲ್ಲ, ಹಿತ್ತಲಲ್ಲಿ ತಾವು ಮೊದಲಿನಿಂದ ನೋಡಿಕೊಂಡು ಬಂದಿದ್ದ ದೊಡ್ಡಪತ್ರೆ, ಕನಕಾಂಬರವನ್ನೂ ಮುಟ್ಟುವುದು ಬಿಟ್ಟರು. ಊರಿನವರು ಹೇಳುತ್ತಿದ್ದಾಗ ಅರ್ಧ ನಂಬಿದ್ದವರು, ನಾನು ಹೇಳಿದ ಮೇಲೆ ಪೂರ್ತಿ ನಂಬಿಬಿಟ್ಟರು. ಮೊದಲೇ ಕಡಿಮೆಯಿದ್ದ ಮಾತೂ ನಿಂತುಹೋಯಿತು. ಒಂದೇ ಮನೆಯಲ್ಲಿ ಅವರೊಂದು ಕಡೆ, ನಾನೊಂದು ಕಡೆ. ಆ ಬೇಸಿಗೆಯಷ್ಟು ಉದ್ದದ ಬೇಸಿಗೆಯನ್ನು ನಾನು ಮತ್ತೆ ಕಂಡಿಲ್ಲ.

ಬದನೆ ಬಿಟ್ಟಿತು. ಅವ್ವನದೇ ಗೆರೆ, ಅವ್ವನದೇ ಗುಂಡು. ನಾನು ಎಣ್ಣೆಗಾಯಿ ಮಾಡಿ ಬಡಿಸಿದರೆ ಅತ್ತೆ ಎರಡು ಸಲ ಹಾಕಿಸಿಕೊಂಡು ತಿಂದರು. ಎರಡು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು ಬೀಜ ಮಾಡಿದೆ. ಈ ಸಲ ಗಂಟು ತುಂಬಾ ಗಟ್ಟಿ ಬೀಜ.

ಮತ್ತೆ ಮಾರ್ಗಶಿರ ಬಂತು. ಬೇಸಿಗೆವರೆಗೆ ಕಾಯಬಹುದಾಗಿತ್ತು, ಕಾಯಲಿಲ್ಲ. ಬೀಜ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಹರಳೆಲೆ ಸುತ್ತಿ ಅತ್ತೆಯ ಮುಂದೆ ಹಿಡಿದೆ. ಇದನ್ನು ಅವರ ಸೊಂಟಕ್ಕೆ ಕಟ್ಟಿಸಿ, ಆಮೇಲೆ ಎಲ್ಲ ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ.

“ಈ ಸಲ ನೀವ್ ಕಟ್ಕಳಿ ಅತ್ತೆ,” ಎಂದೆ.

ಅತ್ತೆ ಎರಡು ಕೈಯನ್ನೂ ಬೆನ್ನ ಹಿಂದಕ್ಕೆ ಕಟ್ಟಿಕೊಂಡರು. ತಪ್ಪು ಮಾಡಿದ ಮಕ್ಕಳು ಹಾಗೆ ನಿಲ್ಲುತ್ತಾರೆ.

“ಬ್ಯಾಡ ಕಣವ್ವ. ನಿಮ್ಮವ್ವುನ್ ಬೀಜ. ಉಳೀಲಿ ಬುಡು.”

ನಾನು ಬಾಯಿ ತೆರೆದೆ. ಹಂಡೆ ನೀರು ಕಾದದೆ, ಮೀಯೋಗಿ ಎಂದೆ. ಅವರು ಟವಲು ತೆಗೆದುಕೊಂಡು ಬಚ್ಚಲಿಗೆ ಹೋದರು. ನಾನು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ರಾಗಿ ಬೀಸಲು ಕೂತೆ.