ಸೀರೆ ಉಟ್ಟು ಹತ್ತುವಷ್ಟು ಎತ್ತರ

ನನ್ನ ಜೀಪಿನ ಹೊಟ್ಟೆ ದಿಬ್ಬದ ನೆತ್ತಿಗೆ ತಗುಲಿ, ಚಕ್ರಗಳು ನೆಲದ ಹಿಡಿತವಿಲ್ಲದೆ ಸುಮ್ಮನೆ ತಿರುಗುತ್ತಿದ್ದವು. ನಮ್ಮ ಗುಂಪಿನ ಮುಖಂಡರು ಹಗ್ಗ ಹಿಡಿದು ಬಂದರು. ಅವರು ಮಾತಾಡಿಸಿದ್ದು ಸ್ಟೀರಿಂಗ್ ಹಿಡಿದಿದ್ದ ನನ್ನನ್ನಲ್ಲ, ಪಕ್ಕದಲ್ಲಿ ಕೂತಿದ್ದ ನನ್ನ ಗಂಡನನ್ನು.

"ಸಾಹೇಬರೇ, ಮುಂದಿನ ಸಲ ನೀವೇ ಓಡಿಸಿ. ಇದು ಮೇಡಂ ಕೈಲಿ ಆಗೋ ಕೆಲಸ ಅಲ್ಲ."

ನಮ್ಮ ಯಜಮಾನರಿಗೆ ಜೀಪು ಹಾಗಿರಲಿ, ಸ್ಕೂಟರ್ ಓಡಿಸಲೂ ಬರುತ್ತಿರಲಿಲ್ಲ. ಯಾರು ಏನು ಹೇಳಿದರೂ ಅನ್ನುವ ಹಾಗೆಯೇ ಅವರು "ಅಚ್ಛಾ, ಅಚ್ಛಾ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಎರಡು ಸಾವಿರದ ಇಸವಿಯ ಆಚೀಚಿನ ಆ ವರ್ಷಗಳಲ್ಲಿ ನಾನು ದೆಹಲಿಯ ಒಂದು ಸಚಿವಾಲಯದಲ್ಲಿ ಗುಮಾಸ್ತೆ. ವಾರವಿಡೀ ಕಡತ, ಭಾನುವಾರ ಮಾತ್ರ ಜೀಪು. ಸೇನೆಯ ಹರಾಜಿನಲ್ಲಿ ಯಾರೋ ಬಿಡಿಸಿಕೊಂಡು, ಇನ್ಯಾರೋ ಸಾಕಾಗಿ ಮಾರಿದ ಹಳೇ ಡೀಸೆಲ್ ಗಾಡಿ ಅದು. ಗುಡಗಾಂವ್ ಆಚೆಯ ಅರಾವಳಿಯ ಕಲ್ಲುಗುಡ್ಡಗಳಿಗೆ ಹೋಗುವ ಒಂದು ಗುಂಪು ಸೇರಿದ್ದೆ. ಅಲ್ಲಿ ಗಂಡಸರು ಓಡಿಸುತ್ತಿದ್ದರು, ಹೆಂಗಸರು ಪಕ್ಕದ ಸೀಟಿನಲ್ಲಿ ಪೂರಿ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಗುಂಪಿನಲ್ಲೇ ಎತ್ತರದ ಜೀಪಿನ ಒಡೆಯ ಕರೋಲ್ ಬಾಗ್‌ನ ಬಟ್ಟೆ ವ್ಯಾಪಾರಿ. ಅವನ ಹೆಂಡತಿ ಹತ್ತಲಿಕ್ಕೆಂದೇ ಹಿಂದೆ ಒಂದು ಪ್ಲಾಸ್ಟಿಕ್ ಸ್ಟೂಲು ಕಟ್ಟಿಕೊಂಡಿರುತ್ತಿದ್ದ. ಆಕೆ ಸ್ಟೂಲು ಬರುವವರೆಗೂ ಕೈಕಟ್ಟಿ ನಿಂತಿರುತ್ತಿದ್ದಳು.

ಹಗ್ಗ ಬಿಚ್ಚಿದ ಮೇಲೆ ನಾನು ಮುಖಂಡರ ಎದುರಿಗೇ ಹೋಗಿ ನಿಂತೆ. "ಚಳಿಗಾಲ ಮುಗಿಯೋದರೊಳಗೆ ಈ ದಿಬ್ಬ ದಾಟ್ತೀನಿ. ನಾನೇ ಓಡಿಸ್ತೀನಿ," ಅಂದೆ.

ನಿವೃತ್ತ ಸೇನಾಧಿಕಾರಿ ಅವರು, ಮಾತು ಕತ್ತರಿಸಿ ಆಡುವವರು. "ಸರಿ. ದಾಟಿದರೆ ನೀವೇ ಡ್ರೈವರ್, ಯಾರೂ ಸೊಲ್ಲೆತ್ತಲ್ಲ. ಇನ್ನೊಂದು ಸಲ ಸಿಕ್ಕಿಬಿದ್ದರೆ ಪಕ್ಕದ ಸೀಟು. ಒಪ್ಪಿಗೆಯಾ?"

ಒಪ್ಪಿದೆ.

ದಿಬ್ಬದಲ್ಲಿ ತಪ್ಪಿದ್ದು ನನ್ನ ಕೈಯಲ್ಲ, ಗಾಡಿಯ ಹೊಟ್ಟೆ ತೀರಾ ಕೆಳಗಿತ್ತು. ಅದನ್ನು ಎತ್ತಬೇಕಿತ್ತು. ಎತ್ತುವ ಸಾಮಾನು ಹುಡುಕಿಕೊಂಡು ಮುಂದಿನ ಶನಿವಾರ ಇಬ್ಬರೂ ಕರೋಲ್ ಬಾಗ್‌ಗೆ ಹೋದೆವು. ಒಂದೊಂದು ಅಂಗಡಿಯಲ್ಲೂ ಅದೇ ಕಥೆ. ಪ್ರಶ್ನೆ ಕೇಳುವವಳು ನಾನು, ಉತ್ತರ ಹೋಗುವುದು ಯಜಮಾನರಿಗೆ. ಅವರು "ಅಚ್ಛಾ" ಅನ್ನುತ್ತಾ ತಲೆಯಾಡಿಸುತ್ತಿದ್ದರು. ಮೂರನೇ ಅಂಗಡಿಯಲ್ಲಿ ನನ್ನ ತಾಳ್ಮೆ ಮುಗಿಯಿತು.

"ರೀ, ನೀವು ಹೋಗಿ ಛೋಲೆ ಭಟೂರೆ ತಿಂದ್ಕೊಂಡು ಬನ್ನಿ."

"ಮತ್ತೆ ಇಲ್ಲಿ?"

"ಇಲ್ಲಿ ನಾನಿದ್ದೀನಲ್ಲ."

ಅವರು ಸಂತೋಷವಾಗಿ ಹೋದರು. ಮಾತಾಡಲು ಬೇರೆ ಗಂಡಸಿಲ್ಲದೆ ಅಂಗಡಿಯವನು ನನ್ನ ಕಡೆ ತಿರುಗಲೇಬೇಕಾಯಿತು. ಜೀಪಿನ ಭಾರವೆಲ್ಲ ಹೊರುವುದು ಬಾಗಿಸಿದ ಉಕ್ಕಿನ ಪಟ್ಟಿಗಳ ಕಟ್ಟು. ದೆಹಲಿಯಲ್ಲಿ ಅದಕ್ಕೆ ಕಮಾನಿ ಅನ್ನುತ್ತಾರೆ. ಇರುವ ಕಮಾನಿಗೇ ಇನ್ನೆರಡು ಪಟ್ಟಿ ಸೇರಿಸಿ ಎಂದ. ಹಾಗೆ ಮಾಡಿದರೆ ಗಾಡಿ ಹಲಗೆಯ ಹಾಗೆ ಬಿರುಸಾಗುತ್ತದೆ, ಚಕ್ರ ಹಳ್ಳಕ್ಕೆ ಇಳಿಯುವುದಿಲ್ಲ, ಬೇಡವೆಂದೆ. ಹಾಗಾದರೆ ಚಕ್ರಗಳ ಅಚ್ಚಿನ ಕೆಳಗಿರುವ ಕಮಾನಿಯನ್ನು ಅದರ ಮೇಲಕ್ಕೆ ಕೂರಿಸಿಬಿಡಿ, ಒಂದೇ ಏಟಿಗೆ ಐದಾರು ಇಂಚು ಏಳುತ್ತದೆ, ನೋಡಿದವರು ದಾರಿ ಬಿಡಬೇಕು ಎಂದ. ಆ ಐದಾರು ಇಂಚು ಅನ್ನುವಾಗ ಅವನ ಕಣ್ಣು ಮಿಂಚಿದ್ದು ನೋಡಬೇಕಿತ್ತು.

ಅಲ್ಲೇ ನನಗೆ ಹೊಳೆದಿದ್ದು. ನಾನು ಐದಡಿಯ ಹೆಂಗಸು, ಆಫೀಸಿಗೂ ಗುಡ್ಡಕ್ಕೂ ಉಡುವುದು ಸೀರೆಯನ್ನೇ. ಇವರೆಲ್ಲ ಗಾಡಿಯ ಎತ್ತರವನ್ನು ರಸ್ತೆಯಿಂದ ನೋಡಿ ಅಳೆಯುತ್ತಿದ್ದರು. ನಾನು ಅದನ್ನು ನನ್ನ ಮೊಣಕಾಲಿನಿಂದ ಅಳೆಯಬೇಕಿತ್ತು.

ಭಾನುವಾರ ಬೆಳಿಗ್ಗೆ ಕ್ವಾರ್ಟರ್ಸ್ ಹಿಂದೆ ಬಿದ್ದಿದ್ದ ಇಟ್ಟಿಗೆಗಳನ್ನು ಹೊತ್ತು ತಂದೆ. ಜಾಕ್ ಹಾಕಿ ಎತ್ತಿ, ನಾಲ್ಕು ಚಕ್ರದ ಕೆಳಗೂ ಇಟ್ಟಿಗೆ ಮಲಗಿಸಿದೆ. ಸೀರೆ ಉಟ್ಟುಕೊಂಡು ಹತ್ತಿ ನೋಡಿದೆ. ಸಲೀಸಾಗಿ ಹತ್ತಿದೆ. ಇನ್ನೊಂದು ವರಸೆ ಇಟ್ಟಿಗೆ ಇಟ್ಟೆ. ಕಾಲು ಎತ್ತಿದರೆ ನೆರಿಗೆ ಬಿಗಿದುಕೊಂಡಿತು, ಜಪ್ಪಯ್ಯ ಅಂದರೂ ಹತ್ತಲಾಗಲಿಲ್ಲ. ಅಷ್ಟರಲ್ಲಿ ಬಾಲ್ಕನಿಗಳು ತುಂಬಿದ್ದವು. ಮೇಲಿನ ಮನೆಯ ಕನ್ನಡದಾಕೆ ಕೂಗಿದರು: "ಏನ್ರೀ ಇದು, ಜೀಪಿಗೂ ಮನೆ ಕಟ್ಟಿಸ್ತಾ ಇದ್ದೀರಾ?"

"ಅಳತೆ ತಗೋತಿದ್ದೀನಿ ರೀ!"

"ಸಲ್ವಾರ್ ಹಾಕ್ಕೋಬಾರದೇನ್ರೀ?"

ಯಜಮಾನರೂ ದನಿಗೂಡಿಸಿದರು. "ಹೌದು ಕಣೇ. ಇಲ್ಲಾಂದ್ರೆ ಬಾಗಿಲ ಕೆಳಗೆ ಒಂದು ಮೆಟ್ಟಿಲು ಹಾಕಿಸು."

ಮೆಟ್ಟಿಲು ಹಾಕಿಸಿದರೆ ಬಂಡೆಗೆ ಮೊದಲು ತಗುಲುವುದು ಅದೇ. ಹೊಟ್ಟೆ ಎತ್ತಿಸಿಕೊಂಡು ಅದರ ಕೆಳಗೆ ಮೆಟ್ಟಿಲು ನೇತುಹಾಕುವುದು ಯಾವ ಜಾಣತನ? ಇನ್ನು ಸಲ್ವಾರಿನ ಮಾತು. ಗಾಡಿ ನನಗೆ ಹೊಂದಿಕೊಳ್ಳಬೇಕೇ ಹೊರತು ಗಾಡಿಗಾಗಿ ನನ್ನ ಉಡುಪು ಬದಲಾಯಿಸುವುದಿಲ್ಲ ಎಂದೆ. ಯಜಮಾನರು ಪೇಪರ್ ಓದಲು ಒಳಗೆ ಹೋದರು. ಒಂದು ಇಟ್ಟಿಗೆಯ ದಪ್ಪ ಅಳೆದೆ. ಮೂರು ಇಂಚು. ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ.

ಮೂರಿಂಚಿಗೆ ಸಿದ್ಧ ಸಾಮಾನು ಎಲ್ಲೂ ಸಿಗಲಿಲ್ಲ. ಕೊನೆಗೆ ಘಾಜಿಯಾಬಾದ್‌ನ ಒಂದು ಕಾರ್ಖಾನೆಯಲ್ಲಿ ಹೊಸದಾಗಿ ಬಾಗಿಸಿ ಕೊಡಲು ಒಪ್ಪಿದರು. ತೆಳು ಪಟ್ಟಿಗಳು, ಸಂಖ್ಯೆ ಜಾಸ್ತಿ, ಬಾಗು ಜಾಸ್ತಿ, ಆಗ ಎತ್ತರವೂ ಬರುತ್ತದೆ, ಮೆತ್ತಗೂ ಇರುತ್ತದೆ. ಕಾರ್ಖಾನೆಯ ಮಾಲೀಕ ಸರ್ದಾರ್ಜಿ, ಧಾರಾಳಿ. ತರಕಾರಿಯವನು ಕೊತ್ತಂಬರಿ ಸೊಪ್ಪು ಬಿಟ್ಟಿ ಹಾಕುವ ಹಾಗೆ, "ನಿಮಗೆ ಅಂತ ಇನ್ನೆರಡು ಇಂಚು ಹಾಗೇ ಕೊಡ್ತೀನಿ" ಎಂದ. ಬೇಡ ಭಯ್ಯಾ, ಮೂರೇ ಇರಲಿ ಅಂದರೆ ಅವನಿಗೆ ನಂಬಿಕೆಯೇ ಬರಲೊಲ್ಲದು. ಬಿಟ್ಟಿ ಕೊಟ್ಟರೂ ಎತ್ತರ ಬೇಡ ಅಂದವಳನ್ನು ಆತ ಅವತ್ತೇ ಮೊದಲು ನೋಡಿದ್ದಿರಬೇಕು.

ಕಮಾನಿ ಕೂರಿಸಿ, ಅದಕ್ಕೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಿದ ದಿನ ಗಾಡಿಯನ್ನು ಜಾಕ್ ಮೇಲೆ ನಿಲ್ಲಿಸಿ ಚಕ್ರ ಜೋತುಬಿಡಿಸಿದೆ. ಬ್ರೇಕಿನ ರಬ್ಬರ್ ಕೊಳವೆ ದಾರದ ಹಾಗೆ ಬಿಗಿದು ನಿಂತಿತ್ತು. ನೆರಿಗೆ ಕಡಿಮೆ ಹಿಡಿದು ಸೀರೆ ಉಟ್ಟವಳಿಗೆ ದೊಡ್ಡ ಹೆಜ್ಜೆ ಹಾಕಲು ಬರುವುದಿಲ್ಲ, ಇದೂ ಅಷ್ಟೇ, ಚಕ್ರ ಹಳ್ಳಕ್ಕೆ ಇಳಿದರೆ ಕಿತ್ತುಬರುತ್ತಿತ್ತು. ನಾಲ್ಕು ಬೆರಳು ಹೆಚ್ಚು ಉದ್ದದ ಕೊಳವೆ ತರಿಸಿ ಹಾಕಿಸಿದ ಮೇಲೆಯೇ ಗಾಡಿ ಹೊರಗೆ ತೆಗೆದಿದ್ದು.

ಫೆಬ್ರವರಿಯ ಬಿಸಿಲು ಏರುವ ಹೊತ್ತಿಗೆ ಮತ್ತೆ ಅದೇ ದಿಬ್ಬದ ಮುಂದೆ ಇದ್ದೆವು. ನನ್ನ ಜೀಪು ನೋಡಿ ಬಟ್ಟೆ ವ್ಯಾಪಾರಿ ನಕ್ಕ. "ಇಷ್ಟೇನಾ ಏರಿಸಿದ್ದು?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಸೀಟನ್ನು ಒಮ್ಮೆ ನೋಡಿದೆ. ಯಜಮಾನರು ಕಣ್ಣು ಮುಚ್ಚಿ ಕೂತಿದ್ದರು. ಆ ಸೀಟಿಗೆ ನಾನು ಹೋಗುವುದಿಲ್ಲ ಅಂದುಕೊಂಡು ಮೊದಲ ಗೇರಿಗೆ ಹಾಕಿದೆ.

ಮುಂದಿನ ಚಕ್ರಗಳು ಹತ್ತಿದವು. ಮೂತಿ ಆಕಾಶ ನೋಡಿತು, ಆಮೇಲೆ ಕೆಳಗೆ ಬಿತ್ತು. ಹೊಟ್ಟೆ ಕೆರೆಯುವ ಸದ್ದಿಗೆ ಕಾದೆ, ಬರಲಿಲ್ಲ. ಹಿಂದಿನ ಚಕ್ರಗಳೂ ಇಳಿದವು. ದಿಬ್ಬ ನನ್ನ ಬೆನ್ನ ಹಿಂದಿತ್ತು! ಹಾರ್ನ್ ಒತ್ತಿ ಒತ್ತಿ ಗುಡ್ಡವನ್ನೆಲ್ಲ ಎಬ್ಬಿಸಿದೆ. ಯಜಮಾನರು ಕಣ್ಣು ಬಿಟ್ಟು, "ಆಯ್ತೇನೇ?" ಅಂದರು.

ನನ್ನ ಹಿಂದೆಯೇ ವ್ಯಾಪಾರಿಯ ಎತ್ತರದ ಜೀಪು ದಿಬ್ಬವನ್ನು ಲೀಲಾಜಾಲವಾಗಿ ದಾಟಿತು. ಆದರೆ ಆಚೆಯ ದಾರಿ ಒಂದು ಬದಿಗೆ ವಾಲಿತ್ತು. ನನ್ನ ಜೀಪು ಅಲ್ಲಿ ನೆಲಕ್ಕೆ ಅಂಟಿಕೊಂಡು ಬಂದಿತ್ತು. ಅವನದು ತಲೆಭಾರದಿಂದ ವಾಲಿ, ಒಂದು ಹಿಂಬದಿ ಚಕ್ರ ನೆಲ ಬಿಟ್ಟಿತು. ಬ್ರೇಕ್ ಒತ್ತಿ ನಿಂತವನು ಹಿಂದಕ್ಕೂ ಬರಲಾರ, ಮುಂದಕ್ಕೂ ಹೋಗಲಾರ. ಅವನ ಹೆಂಡತಿ ಬಾಗಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ದಿಬ್ಬ ದಾಟಿ ಬಂದಿದ್ದ ಬೇರೆ ಗಾಡಿ ನನ್ನದೊಂದೇ.

ಮುಖಂಡರು ದಿಬ್ಬದ ಮೇಲೆ ನಿಂತು ಈ ಸಲ ನೇರವಾಗಿ ನನ್ನನ್ನೇ ಕೂಗಿದರು. "ಮೇಡಂ, ಎಳೀತೀರಾ?"

ಹಗ್ಗ ಕಟ್ಟಿಸಿ ನಿಧಾನಕ್ಕೆ ಎಳೆದು ಸಪಾಟು ನೆಲಕ್ಕೆ ತಂದು ನಿಲ್ಲಿಸಿದೆ. ವ್ಯಾಪಾರಿ ಬೆವರು ಒರೆಸಿಕೊಂಡು ಥ್ಯಾಂಕ್ಸ್ ಎಂದ. ಮುಖಂಡರು ಬಂದು ನನ್ನ ಕೈ ಕುಲುಕಿದರು. ನಾನು ಅವತ್ತು ಹಿಗ್ಗಿದ ಹಿಗ್ಗನ್ನು ಮುಚ್ಚಿಡುವುದಿಲ್ಲ. ಊಟಕ್ಕೆ ಕೂತಾಗ ಎಲ್ಲರ ಮುಂದೆ ನನ್ನ ಕಮಾನಿಯ ಕಥೆಯನ್ನು ಇಟ್ಟಿಗೆಯಿಂದ ಹಿಡಿದು ಹೇಳಿದೆ, ಕೇಳದವರಿಗೂ ಹೇಳಿದೆ.

ವ್ಯಾಪಾರಿಯ ಹೆಂಡತಿ ಮಾತ್ರ ಪೂರಿ ಮುಟ್ಟದೆ ಕೇಳುತ್ತಿದ್ದಳು. ವಾಪಸ್ ಹೊರಡುವ ಹೊತ್ತಿಗೆ ಆಕೆ ಎದ್ದು, ತನ್ನ ಜೀಪಿನ ಬಲಗಡೆಯ ಬಾಗಿಲಿನ ಹತ್ತಿರ ಹೋಗಿ ನಿಂತು, ಗಂಡನ ಮುಂದೆ ಕೈ ಚಾಚಿದಳು.

"ಚಾಬಿ ಕೊಡಿ."